ಬ್ರಿಟನ್ನಿನಲ್ಲಿ ಹಣಕಾಸು ಸಲಹೆಗಾರರಾಗಬೇಕೆ? ರಾಜೀನಾಮೆ ಕೊಡುವ ಮುನ್ನ ಓದಿ

ಊರಿನಲ್ಲಿ ಎಲ್‌ಐಸಿ ಏಜೆಂಟರು ಮನೆಗೆ ಬಂದು, ಕಾಫಿ ಕುಡಿದು, ಅರ್ಜಿ ತುಂಬಿಸಿಕೊಂಡು ಹೋಗುತ್ತಿದ್ದುದನ್ನು ನೋಡಿ ಬೆಳೆದವರು ನಾವು. ಅವರ ಸಂಪಾದನೆಯೆಲ್ಲ ಕಮಿಷನ್. ಬ್ರಿಟನ್ನಿನಲ್ಲಿ ಹೂಡಿಕೆ ಮತ್ತು ಪಿಂಚಣಿ ಸಲಹೆಗೆ ಆ ದಾರಿ 2012ರ ಕೊನೆಯಲ್ಲೇ ಮುಚ್ಚಿತು. ಈಗ ಸಲಹೆಗೆ ಗ್ರಾಹಕರೇ ಶುಲ್ಕ ಕೊಡುತ್ತಾರೆ. ಜೀವವಿಮೆ, ಗೃಹಸಾಲದಂಥವುಗಳಲ್ಲಿ ಕಮಿಷನ್ ಉಳಿದಿದೆ. ಕಮಿಷನ್ ನಿಲ್ಲಿಸಿದ ಅದೇ ಸುಧಾರಣೆ ಸಲಹೆಗಾರರಿಗೆ ನಾಲ್ಕನೇ ಹಂತದ (ಪದವಿಯ ಮೊದಲ ವರ್ಷದ ಮಟ್ಟದ) ಅರ್ಹತೆಯನ್ನೂ ಕಡ್ಡಾಯ ಮಾಡಿತು.

ಅದಕ್ಕಾಗಿ ಹೆಚ್ಚಿನವರು ಹಿಡಿಯುವುದು ಚಾರ್ಟರ್ಡ್ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟಿನ ಡಿಪ್ಲೊಮಾವನ್ನು. ಪದವಿ ಬೇಕಿಲ್ಲ. ಆರ್01ರಿಂದ ಆರ್06ರವರೆಗೆ ಆರು ಪರೀಕ್ಷೆಗಳು: ನಿಯಮ ಮತ್ತು ನೀತಿ, ಹೂಡಿಕೆ, ವೈಯಕ್ತಿಕ ತೆರಿಗೆ, ಪಿಂಚಣಿ, ವಿಮಾ ರಕ್ಷಣೆ, ಕೊನೆಗೆ ಯೋಜನೆ. ಮೊದಲ ಐದು ಬಹು ಆಯ್ಕೆಯವು. ಆರನೆಯದರಲ್ಲಿ ಬರೆಯಬೇಕು. ಎರಡು ಕಲ್ಪಿತ ಕುಟುಂಬಗಳ ಸಂಬಳ, ಸಾಲ, ಹಳೆಯ ಪಿಂಚಣಿ, ಮಕ್ಕಳ ವಯಸ್ಸು ಎಲ್ಲವೂ ಎರಡು ವಾರ ಮೊದಲೇ ಕೈಗೆ ಸಿಗುತ್ತವೆ. ಆ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕುಳಿತಾಗಲೇ ನನಗೆ ಈ ವೃತ್ತಿಯ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು.

ತೆರಿಗೆ ಪರೀಕ್ಷೆಗೆ ಮಾತ್ರ ಹಳೆಯ ಪುಸ್ತಕ ಕೊಳ್ಳಬೇಡಿ. ಇಲ್ಲಿ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾದರೂ ಪರೀಕ್ಷೆಗಳು ಹೊಸ ದರಗಳಿಗೆ ಬದಲಾಗುವುದು ಸೆಪ್ಟೆಂಬರಿನಲ್ಲಿ. ನಾನು ಹಿಂದಿನ ವರ್ಷದ ಅಂಕಿಗಳನ್ನು ಬಾಯಿಪಾಠ ಮಾಡಿ, ಮತ್ತೆ ಮೊದಲಿನಿಂದ ಕಲಿತೆ.

ಆರೂ ಪಾಸಾದರೂ ಮರುದಿನವೇ ಸಲಹೆ ಕೊಡುವಂತಿಲ್ಲ. ಇದನ್ನು ಬಹಳ ಜನ ತಡವಾಗಿ ತಿಳಿಯುತ್ತಾರೆ. ಇಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎಯ ಅನುಮತಿ ಪಡೆದ ಸಂಸ್ಥೆಯೊಂದು ನಿಮ್ಮನ್ನು ಸೇರಿಸಿಕೊಂಡು, ನಡತೆ ಮತ್ತು ಸಾಲದ ಇತಿಹಾಸ ಪರಿಶೀಲಿಸಿ, ಮೇಲ್ವಿಚಾರಣೆಯಲ್ಲಿ ಪಳಗಿಸಿ, ಸಮರ್ಥರೆಂದು ಒಪ್ಪಬೇಕು. ಆಮೇಲೂ ವರ್ಷಕ್ಕೆ 35 ಗಂಟೆ ಕಲಿಕೆ ಮತ್ತು ಪ್ರತಿವರ್ಷ ನವೀಕರಿಸುವ ವೃತ್ತಿ ಪ್ರಮಾಣಪತ್ರ ತಪ್ಪುವುದಿಲ್ಲ. ಹಾಗಾಗಿ ಒಂದೆರಡು ಪರೀಕ್ಷೆ ಮುಗಿಸಿದ ಕೂಡಲೇ ಅಂಥ ಸಂಸ್ಥೆಯಲ್ಲಿ ಪ್ಯಾರಾಪ್ಲಾನರ್ (ಸಲಹೆಗಾರರಿಗೆ ವಿಶ್ಲೇಷಣೆ, ವರದಿ ತಯಾರಿಸಿಕೊಡುವವರು) ಸಹಾಯಕ ಅಥವಾ ಆಡಳಿತ ವಿಭಾಗದ ಕೆಲಸ ಹುಡುಕಿ. ಸಂಬಳ ಕಡಿಮೆಯಾದರೂ ಒಳಗೆ ಕಾಲಿಡಲು ಅದೇ ಬಾಗಿಲು.

ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರಿಗೆ ಇನ್ನೊಂದು ತೊಡಕು: ಕೆಲಸ ಬದಲಿಸಿದರೆ ಹೊಸ ಸಂಸ್ಥೆಯೂ ಪ್ರಾಯೋಜಿಸಬೇಕು. ಖಾಯಂ ವಾಸದ ಪರವಾನಗಿ ಸಿಗುವವರೆಗೆ ಇರುವ ಕೆಲಸದಲ್ಲೇ ಇದ್ದು ಸಂಜೆ ಓದುವುದು ಮೇಲು.

ಸಂದರ್ಶನಕ್ಕೆ ಹೋಗುವ ಮುನ್ನ ಸಂಸ್ಥೆಯ ಹೆಸರು ಎಫ್‌ಸಿಎ ರಿಜಿಸ್ಟರಿನಲ್ಲಿ ಇದೆಯೇ ನೋಡಿ. ಮೇಲ್ವಿಚಾರಣೆ ಯಾರದು, ಪರೀಕ್ಷಾ ಶುಲ್ಕ ಯಾರು ಕಟ್ಟುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ.