ಡ್ರಾಫ್ಟ್ ಆಯ್ಕೆಗಳನ್ನು ತೂಗಿ ನೋಡುವ ಬಗೆ: ಫಾರ್ಟಿನೈನರ್ಸ್ ಅಭಿಮಾನಿಯ ಕೈಪಿಡಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜುಗಳಿಂದ ಬರುವ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಮೂರು ದಿನ ನಡೆಯುತ್ತದೆ. ಗುರುವಾರ ರಾತ್ರಿ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರನೆಯ ಸುತ್ತು, ಶನಿವಾರ ಉಳಿದ ನಾಲ್ಕು ಸುತ್ತುಗಳು. ಭಾನುವಾರ ಬೆಳಗಾಗುವಷ್ಟರಲ್ಲಿ 32 ತಂಡಗಳಿಗೂ ಅಂಕಪಟ್ಟಿ ಸಿದ್ಧವಾಗಿರುತ್ತದೆ. ಆಯ್ಕೆಯಾದವರಲ್ಲಿ ಒಬ್ಬನೂ ಮೈದಾನಕ್ಕೆ ಇಳಿಯುವ ಮೊದಲೇ ಕೊಡುವ ಆ ಅಂಕಗಳನ್ನು ನಂಬಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡವನ್ನು ಮನಸಾರೆ ಹಚ್ಚಿಕೊಂಡಿರುವ ನಾನು, ಯಾವ ಆಯ್ಕೆಯನ್ನೂ ಅದರ ಬೆಲೆ ಮತ್ತು ಅವಧಿಯ ಜೊತೆಗೇ ಓದುತ್ತೇನೆ. ಸಾಂತಾ ಕ್ಲಾರಾದ ಲೀವೈಸ್ ಕ್ರೀಡಾಂಗಣದ ಆಸುಪಾಸಿನಲ್ಲಿ ನೆಲೆಸಿ ಹೊಸದಾಗಿ ಈ ಆಟದ ರುಚಿ ಹತ್ತಿದವರಿಗೂ, ಬೆಂಗಳೂರಿನಲ್ಲಿ ಶುಕ್ರವಾರ ಬೆಳಗಿನ 5.30ಕ್ಕೆ ಎದ್ದು ಮೊದಲ ಸುತ್ತನ್ನು ನೋಡುವವರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಐಪಿಎಲ್ ಹರಾಜನ್ನು ಬಲ್ಲವರು ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಹಣ ಕೂಗಿದವನಿಗೆ ಆಟಗಾರ ಸಿಗುತ್ತಾನೆ. ಇಲ್ಲಿ ಸರದಿ ಬಂದವನಿಗೆ ಸಿಗುತ್ತಾನೆ. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ತಂಡಕ್ಕೆ 32ನೆಯ ಸರದಿ. ಆಟಗಾರನ ಸಂಬಳವೂ ಹೆಚ್ಚುಕಡಿಮೆ ಸರದಿಯ ಮೇಲೆಯೇ ನಿಂತಿರುತ್ತದೆ, ಒಪ್ಪಂದದ ಅವಧಿ ನಾಲ್ಕು ವರ್ಷ. ಮೊದಲ ಸುತ್ತಿನವರಿಗೆ ಮಾತ್ರ ಐದನೆಯ ವರ್ಷವನ್ನು ಸೇರಿಸಿಕೊಳ್ಳುವ ಹಕ್ಕು ತಂಡಕ್ಕಿದೆ.

ಕೆಲಸ ಶುರುವಾಗಬೇಕಾದದ್ದು ಮಾರ್ಚ್ ತಿಂಗಳಿನಲ್ಲಿ. ಒಂದು ಹಾಳೆಯಲ್ಲಿ ತಂಡದ ಆಟಗಾರರನ್ನು ಅವರು ಆಡುವ ಜಾಗಕ್ಕೆ ಅನುಗುಣವಾಗಿ ಗುಂಪು ಮಾಡಿ, ಪ್ರತಿ ಹೆಸರಿನ ಮುಂದೆ ವಯಸ್ಸನ್ನೂ ಒಪ್ಪಂದ ಮುಗಿಯುವ ವರ್ಷವನ್ನೂ ಬರೆಯಿರಿ. ಮಾರ್ಚ್ ಮಧ್ಯದಲ್ಲಿ ಒಪ್ಪಂದ ಮುಗಿದವರು ಬೇರೆ ತಂಡಗಳನ್ನು ಸೇರತೊಡಗಿದಾಗ ಅಂಥವರ ಹೆಸರಿಗೆ ಗೆರೆ ಎಳೆಯಿರಿ. 2025ರಲ್ಲಿ ಈ ಹಾಳೆಯನ್ನು ಮಾಡಿದ್ದವರಿಗೆ ಏಪ್ರಿಲ್‌ನಲ್ಲಿ ಅಚ್ಚರಿಯೇನೂ ಕಾದಿರಲಿಲ್ಲ. ಹಿಂದಿನ ಋತುವಿನಲ್ಲಿ ತಂಡ 6 ಪಂದ್ಯಗಳನ್ನು ಗೆದ್ದು 11ರಲ್ಲಿ ಸೋತಿತ್ತು. ಲೈನ್‌ಬ್ಯಾಕರ್ ಡ್ರೆ ಗ್ರೀನ್‌ಲಾ ಮತ್ತು ಸೇಫ್ಟಿ ಟಲನೋವಾ ಹುಫಂಗಾ ಡೆನ್ವರ್‌ಗೆ ಹೋದರು, ಕಾರ್ನರ್‌ಬ್ಯಾಕ್ ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್ ಸೇರಿದರು. ಮೂವರೂ ಡಿಫೆನ್ಸ್‌ನವರು, ಅಂದರೆ ಎದುರಾಳಿಯ ದಾಳಿಯನ್ನು ತಡೆಯುವವರು; ಹಾಳೆಯ ಆ ಸಾಲುಗಳಲ್ಲೇ ಗೆರೆಗಳು ಹೆಚ್ಚಿದ್ದವು. ತಂಡವು 11ನೆಯ ಸರದಿಯಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ವಿಲಿಯಮ್ಸ್ ಅವರನ್ನು ಆರಿಸಿತು. ಅವರನ್ನೂ ಸೇರಿಸಿ ಮೊದಲ ಐದು ಆಯ್ಕೆಗಳೂ ಡಿಫೆನ್ಸ್‌ನವೇ ಆಗಿದ್ದವು.

ಅಷ್ಟೊಂದು ಮಂದಿ ಒಟ್ಟಿಗೆ ಹೊರಟುಹೋದದ್ದೇಕೆ ಎಂಬುದಕ್ಕೂ ಆ ಹಾಳೆಯಲ್ಲೇ ಉತ್ತರವಿದೆ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿ ಇದೆ. 2025ರಲ್ಲಿ ಅದು 27.92 ಕೋಟಿ ಡಾಲರ್. ಪಾಸ್ ಎಸೆದು ತಂಡದ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, ಅಂದರೆ 262ನೆಯವರು. ಅವರ ಮೊದಲ ಒಪ್ಪಂದದ ಮೊತ್ತ ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ ಡಾಲರ್ ಮಾತ್ರ. ಡ್ರಾಫ್ಟ್ ಆದವರ ಒಪ್ಪಂದವನ್ನು ಮೂರು ಋತು ಮುಗಿಯುವ ತನಕ ಬದಲಿಸುವಂತಿಲ್ಲವಾದ್ದರಿಂದ, ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದ 2023ರ ಋತುವಿನಲ್ಲೂ ಅವರು ಅದೇ ಸಂಬಳಕ್ಕೆ ಆಡಿದರು. ಹೀಗೆ ಉಳಿದ ಹಣದಲ್ಲಿಯೇ ತಂಡವು ಉಳಿದ ಜಾಗಗಳಲ್ಲಿ ದುಬಾರಿ ಆಟಗಾರರನ್ನು ಸಾಕಿಕೊಂಡಿತ್ತು. 2025ರ ಮೇ ತಿಂಗಳಿನಲ್ಲಿ ಪರ್ಡಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ಗಳ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಇಂಥ ಒಪ್ಪಂದ ಬರುವ ಮುನ್ನಿನ ವಸಂತದಲ್ಲಿ ಉಳಿದ ಜಾಗಗಳು ಖಾಲಿಯಾಗುವುದೂ, ಆ ಜಾಗಗಳಿಗೆ ಕಡಿಮೆ ಸಂಬಳದ ಹೊಸಬರನ್ನು ಡ್ರಾಫ್ಟ್‌ನಲ್ಲಿ ಹುಡುಕುವುದೂ ಅನಿವಾರ್ಯ. ಆದ್ದರಿಂದ ಈ ವರ್ಷ ಖಾಲಿಯಾದ ಜಾಗವನ್ನಷ್ಟೇ ನೋಡದೆ, ಇನ್ನೆರಡು ವರ್ಷಗಳಲ್ಲಿ ಒಪ್ಪಂದ ಮುಗಿಯುವವರ ಜಾಗವನ್ನೂ ಗುರುತಿಸಿಟ್ಟುಕೊಳ್ಳಿ.

ಮುಂದಿನದು ಸರದಿಗಳ ಲೆಕ್ಕ. ತಂಡದ ಬಳಿ ಯಾವ ಸುತ್ತಿನಲ್ಲಿ ಎಷ್ಟು ಸರದಿಗಳಿವೆ, ಮಾರಿಕೊಂಡದ್ದೆಷ್ಟು, ಪರಿಹಾರವಾಗಿ ಬಂದದ್ದೆಷ್ಟು ಎಂಬುದನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಿ. ಒಪ್ಪಂದ ಮುಗಿದ ಆಟಗಾರರನ್ನು ತಾನು ಪಡೆದದ್ದಕ್ಕಿಂತ ಹೆಚ್ಚು ಕಳೆದುಕೊಂಡ ತಂಡಕ್ಕೆ ಮರುವರ್ಷ ಮೂರರಿಂದ ಏಳನೆಯ ಸುತ್ತಿನ ಕೊನೆಯಲ್ಲಿ ಹೆಚ್ಚುವರಿ ಸರದಿಗಳು ಸಿಗುತ್ತವೆ. 2020ರಿಂದ ಇನ್ನೊಂದು ನಿಯಮವೂ ಇದೆ: ಅಲ್ಪಸಂಖ್ಯಾತ ಸಮುದಾಯದ ಸಹಾಯಕ ಕೋಚ್ ಬೇರೆ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದರೆ, ಅವರನ್ನು ಬೆಳೆಸಿದ ತಂಡಕ್ಕೆ ಎರಡು ವರ್ಷ ಮೂರನೆಯ ಸುತ್ತಿನ ಸರದಿ ಸಲ್ಲುತ್ತದೆ. ರಾಬರ್ಟ್ ಸಾಲೆ, ಮೈಕ್ ಮೆಕ್‌ಡೇನಿಯಲ್, ಡಿಮೀಕೊ ರಯನ್ಸ್ ಒಬ್ಬರಾದ ಮೇಲೊಬ್ಬರು ಮುಖ್ಯ ಕೋಚ್‌ಗಳಾಗಿ ಹೊರಟಾಗ ನಮ್ಮ ತಂಡಕ್ಕೆ ಈ ಲಾಭ ಮತ್ತೆ ಮತ್ತೆ ಒದಗಿತು. 2023ರಲ್ಲಿ ಮೊದಲ ಸುತ್ತಿನ ಸರದಿ ಮಯಾಮಿಗೆ, ಎರಡನೆಯದು ಕ್ರಿಶ್ಚಿಯನ್ ಮೆಕ್ಯಾಫ್ರಿ ಅವರಿಗಾಗಿ ಕ್ಯಾರೊಲೈನಾಗೆ ಹೋಗಿದ್ದರಿಂದ ತಂಡದ ಮೊದಲ ಆಯ್ಕೆ ನಡೆದದ್ದೇ 87ನೆಯ ಸರದಿಯಲ್ಲಿ. ಅದೇ ವರ್ಷ, ಪರಿಹಾರವಾಗಿ ಬಂದ 99ನೆಯ ಸರದಿಯನ್ನು ಚೆಂಡನ್ನು ಒದೆಯುವುದಷ್ಟೇ ಕೆಲಸವಾದ ಕಿಕ್ಕರ್ ಜೇಕ್ ಮೂಡಿ ಅವರಿಗೆ ವಿನಿಯೋಗಿಸಲಾಯಿತು. ಸೂಪರ್ ಬೌಲ್‌ನಲ್ಲಿ ಮೂಡಿ 55 ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್ ಹೊಡೆದರು. ಆದರೆ 2025ರ ಋತುವಿನ ಮೊದಲ ಪಂದ್ಯದ ನಂತರ ತಂಡ ಅವರನ್ನು ಕೈಬಿಟ್ಟಿತು. ಪರಿಹಾರದ ಸರದಿಯೂ ಬೆಲೆಯುಳ್ಳ ಸರದಿಯೇ. ಅದನ್ನು ಕಿಕ್ಕರ್‌ಗೆ ಕೊಡಬಾರದಿತ್ತೆಂದು ನಾನು ಇಂದಿಗೂ ನಂಬುತ್ತೇನೆ.

ಸರದಿಗಳ ವಿನಿಮಯ ನಡೆದಾಗ ಅದರ ಬೆಲೆಯನ್ನು ಅಳೆಯಲು ಒಂದು ಕೋಷ್ಟಕವಿದೆ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ, ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದಾಗ, ಅದನ್ನು ಬಳಕೆಗೆ ತಂದಿತು. ಅದರಲ್ಲಿ ಮೊದಲ ಸರದಿಗೆ 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200, ಮೊದಲ ಸುತ್ತಿನ ಕೊನೆಯದಕ್ಕೆ 590. 2021ರಲ್ಲಿ ಫಾರ್ಟಿನೈನರ್ಸ್ 12ರಿಂದ 3ಕ್ಕೆ ಏರಿತು. ಕೊರತೆ 1000 ಅಂಕ. ಅದನ್ನು ತುಂಬಲು 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನೂ, ಮೂರನೆಯ ಸುತ್ತಿನ ಒಂದನ್ನೂ ಮಯಾಮಿಗೆ ಕೊಟ್ಟಿತು. ಆ ಎರಡು ಸರದಿಗಳು ಸುತ್ತಿನ ಕೊನೆಗೆ ಬಂದರೂ ಕೂಡಿದಾಗ 1200ರ ಹತ್ತಿರವಾಗುತ್ತವೆ. ಮುಂದಿನ ವರ್ಷಗಳ ಸರದಿಗೆ ಸ್ವಲ್ಪ ಬೆಲೆ ತಗ್ಗಿಸುವುದು ವಾಡಿಕೆಯಾದ್ದರಿಂದ ಕೋಷ್ಟಕದ ಮಟ್ಟಿಗೆ ಅದು ಅನ್ಯಾಯದ ವ್ಯವಹಾರವೇನಲ್ಲ.

ಕೋಷ್ಟಕ ಹೇಳದ ಸಂಗತಿ ಬೇರೆಯಿತ್ತು. ಹೀಗೆ ಪಡೆದ ಸರದಿಯಲ್ಲಿ ಆಯ್ಕೆಯಾದ ಟ್ರೇ ಲ್ಯಾನ್ಸ್, ನಾರ್ತ್ ಡಕೋಟ ಸ್ಟೇಟ್ ವಿಶ್ವವಿದ್ಯಾಲಯದ ಪರ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದದ್ದು 17 ಪಂದ್ಯ ಮಾತ್ರ. ಅದರಲ್ಲಿ 2020ರದು ಒಂದೇ. ಅವರು ದುಡಿಮೆಗೆ ಹಿಂಜರಿದವರಲ್ಲ, 2022ರ ಎರಡನೆಯ ಪಂದ್ಯದಲ್ಲಿ ಕಣಕಾಲು ಮುರಿದದ್ದು ಅವರ ತಪ್ಪೂ ಅಲ್ಲ. ಆದರೆ ಕಲಿಯಲು ಇನ್ನೂ ಬಹಳ ಪಂದ್ಯಗಳು ಬೇಕಾಗಿದ್ದ ತರುಣನನ್ನು, ಕಾಯಲು ಸಮಯವಿಲ್ಲದ ತಂಡವೊಂದು ಆರಿಸಿಕೊಂಡಿತ್ತು. ಒಟ್ಟು ನಾಲ್ಕು ಪಂದ್ಯಗಳನ್ನು ಆರಂಭಿಸಿದ ಅವರು 2023ರ ಆಗಸ್ಟ್‌ನಲ್ಲಿ ನಾಲ್ಕನೆಯ ಸುತ್ತಿನ ಒಂದು ಸರದಿಗೆ ಡಲ್ಲಾಸ್ ಸೇರಿದರು. ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಪಳಗಿ ಬಂದಿದ್ದರು. ಆದ್ದರಿಂದ ಆಯ್ಕೆಯ ಹೆಸರು ಘೋಷಣೆಯಾದೊಡನೆ, ಡ್ರಾಫ್ಟ್‌ಗೆ ಮುನ್ನ ಆಟಗಾರರ ದೇಹಸಾಮರ್ಥ್ಯವನ್ನು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಆತ 40 ಗಜ ಎಷ್ಟು ಸೆಕೆಂಡಿನಲ್ಲಿ ಓಡಿದ ಎಂದು ಹುಡುಕುವುದಕ್ಕಿಂತ ಮೊದಲು, ಕಾಲೇಜಿನಲ್ಲಿ ಎಷ್ಟು ಪಂದ್ಯಗಳನ್ನು ಆರಂಭಿಸಿದ್ದಾನೆ ಎಂದು ನೋಡಿ.

ಶನಿವಾರ ಟಿವಿ ಆರಿಸಬೇಡಿ. ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮತ್ತು ಕೋಚ್ ಕೈಲ್ ಶಾನಹಾನ್ 2017ರಲ್ಲಿ ಬಂದಂದಿನಿಂದ ಈ ತಂಡದ ನಿಜವಾದ ಸುಗ್ಗಿ ಐದನೆಯ ಸುತ್ತಿನಲ್ಲಿದೆ. 2017ರಲ್ಲಿ ಟೈಟ್ ಎಂಡ್ (ಪಾಸ್ ಹಿಡಿಯುವುದೂ ಎದುರಾಳಿಯನ್ನು ತಡೆಯುವುದೂ ಕೆಲಸವಾದ ಆಟಗಾರ) ಜಾರ್ಜ್ ಕಿಟಲ್, 2019ರಲ್ಲಿ ಗ್ರೀನ್‌ಲಾ, 2021ರಲ್ಲಿ ಹುಫಂಗಾ ಮತ್ತು ಡಿಯಮಡೋರ್ ಲೆನೊಯರ್ ಇದೇ ಸುತ್ತಿನಲ್ಲಿ ಬಂದವರು. ಕಿಟಲ್ ಅಯೋವಾದಲ್ಲಿ ಒಟ್ಟು ಹಿಡಿದದ್ದು 48 ಪಾಸ್‌ಗಳು. ಅಂಕಿಅಂಶ ನೋಡಿದವರು ಅವರನ್ನು ಬಿಟ್ಟರು. ಓಟದ ಆಟಕ್ಕೆ ಎದುರಾಳಿಯನ್ನು ತಡೆದು ನಿಲ್ಲಿಸಬಲ್ಲ ಟೈಟ್ ಎಂಡ್ ಶಾನಹಾನ್ ಅವರಿಗೆ ಬೇಕಾಗಿದ್ದರು. ಗ್ರೀನ್‌ಲಾ ಅವರ ಬೆಲೆ 2019ರ ಡಿಸೆಂಬರ್ 29ರಂದು ಸಿಯಾಟಲ್‌ನಲ್ಲಿ ಗೊತ್ತಾಯಿತು. ಲೀಗ್ ಹಂತದ ಕೊನೆಯ ಪಂದ್ಯ, ನಾಲ್ಕನೆಯ ಡೌನ್ (ಅಂದರೆ ಕೊನೆಯ ಯತ್ನ), ಉಳಿದದ್ದು ಕೆಲವೇ ಸೆಕೆಂಡುಗಳು. ಸಿಯಾಟಲ್‌ನ ಜೇಕಬ್ ಹಾಲಿಸ್ಟರ್ ಚೆಂಡು ಹಿಡಿದು ಗೋಲ್ ಗೆರೆಯತ್ತ ನುಗ್ಗಿದಾಗ ಗ್ರೀನ್‌ಲಾ ಅವರನ್ನು ಅಡ್ಡಗಟ್ಟಿ, ಗೆರೆಗೆ ಕೆಲವೇ ಇಂಚು ಮೊದಲು ಕೆಡವಿದರು. 26–21ರ ಆ ಗೆಲುವಿನಿಂದ ತಂಡಕ್ಕೆ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ಎನ್‌ಎಫ್‌ಸಿಯ ಅಗ್ರಸ್ಥಾನ ದೊರೆಯಿತು.

ಮೊದಲ ಸುತ್ತಿನ ಕತೆ ಅಷ್ಟು ಸುಖಕರವಲ್ಲ. 2019ರಲ್ಲಿ ಎರಡನೆಯ ಸರದಿಯಲ್ಲಿ ಬಂದ ನಿಕ್ ಬೋಸಾ ನಿರೀಕ್ಷೆಯನ್ನು ಪೂರ್ತಿ ನಿಜಮಾಡಿದರು. ಆದರೆ 2017ರಲ್ಲಿ ಮೂರನೆಯ ಸರದಿಯಲ್ಲಿ ಸಾಲಮನ್ ಥಾಮಸ್ ಅವರನ್ನು ಆರಿಸಿದಾಗ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇನ್ನೂ ಲಭ್ಯರಿದ್ದರು. ಹತ್ತನೆಯ ಸರದಿಯಲ್ಲಿ ಅವರನ್ನು ಪಡೆದ ಕ್ಯಾನ್ಸಸ್ ಸಿಟಿಯ ಎದುರು ನಾವು ಎರಡು ಸೂಪರ್ ಬೌಲ್‌ಗಳನ್ನು ಸೋತೆವು. ಆ ನೋವು ಇನ್ನೂ ಆರಿಲ್ಲ. ಇಂಥ ಆಯ್ಕೆಗಳ ಬಗ್ಗೆ ತಂಡದ ಸ್ವಂತ ತೀರ್ಪನ್ನು ತಿಳಿಯುವ ದಾರಿಯೊಂದಿದೆ: ಮೂರು ಋತುಗಳ ನಂತರ ಮೇ ತಿಂಗಳ ಆರಂಭದೊಳಗೆ, ಐದನೆಯ ವರ್ಷದ ಹಕ್ಕನ್ನು ತಂಡ ಚಲಾಯಿಸಿತೇ ಇಲ್ಲವೇ ಎಂದು ನೋಡಿ. ಬೋಸಾ ವಿಷಯದಲ್ಲಿ ಚಲಾಯಿಸಿತು. ಥಾಮಸ್ ವಿಷಯದಲ್ಲೂ, 2020ರ 14ನೆಯ ಆಯ್ಕೆ ಜೇವನ್ ಕಿನ್ಲಾ ವಿಷಯದಲ್ಲೂ ಚಲಾಯಿಸಲಿಲ್ಲ. ಪತ್ರಿಕಾಗೋಷ್ಠಿಯ ಹೊಗಳಿಕೆಗಿಂತ ಈ ಒಂದು ನಿರ್ಧಾರ ಹೆಚ್ಚು ವಿಶ್ವಾಸಾರ್ಹ.

ಆಗಸ್ಟ್ ಕೊನೆಗೆ ಹಾಳೆಯನ್ನು ಮತ್ತೆ ಹೊರತೆಗೆಯಿರಿ. ಬೇಸಿಗೆಯಲ್ಲಿ 90 ಮಂದಿಯಿದ್ದ ತಂಡ ಆಗ 53ಕ್ಕೆ ಇಳಿಯಬೇಕು. ಪ್ರತಿ ಗುಂಪಿನಲ್ಲಿ ಎಷ್ಟು ಮಂದಿ ಉಳಿದರು, ಏಪ್ರಿಲ್‌ನಲ್ಲಿ ಆರಿಸಿದ ಯಾರ ಜಾಗವನ್ನು ಡ್ರಾಫ್ಟ್ ಆಗದ ಹುಡುಗನೊಬ್ಬ ಕಿತ್ತುಕೊಂಡ ಎಂದು ಗುರುತಿಸಿ. ಪಟ್ಟಿ ಪ್ರಕಟವಾದ ಕೂಡಲೇ ತೀರ್ಮಾನಕ್ಕೆ ಬರಬೇಡಿ; ಕೈಬಿಟ್ಟ ಕಿರಿಯ ಆಟಗಾರರನ್ನು ಬೇರೆ ತಂಡಗಳು ಮರುದಿನ ಎತ್ತಿಕೊಳ್ಳಬಹುದು, ನಮ್ಮ ತಂಡವೂ ಬೇರೆಯವರನ್ನು ತರಬಹುದು. ಯಾರೂ ಎತ್ತಿಕೊಳ್ಳದೆ ಉಳಿದವರಿಂದ 16 ಮಂದಿಯ ಪ್ರಾಕ್ಟೀಸ್ ಸ್ಕ್ವಾಡ್ (ತಂಡದೊಡನೆ ಅಭ್ಯಾಸ ಮಾಡುವ ಮೀಸಲು ಗುಂಪು) ತುಂಬಿದ ಮೇಲಷ್ಟೇ ಹಾಳೆಯ ಮೇಲೆ ಆ ವರ್ಷದ ಹೆಸರುಗಳನ್ನು ಶಾಯಿಯಲ್ಲಿ ಬರೆಯಿರಿ.