ಕೀಬೋರ್ಡ್‌ಗೂ ಒಂದು ಆಂಪ್ ಬೇಕು

ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ ಬೆಳೆದವನು ನಾನು. ಅಲ್ಲಿ ಕೊಳಲು, ವಯಲಿನ್, ಶಹನಾಯಿ ಎಲ್ಲವೂ ನಮ್ಮ ಕೈಯಿಂದಲೇ ಬರಬೇಕು. ರಾಕ್‌ನಲ್ಲಿ ಹಾಗಲ್ಲ. ಗಿಟಾರ್ ಮೊದಲೇ ಬಂದು ಜಾಗ ಹಿಡಿದುಕೊಂಡಿರುತ್ತದೆ. ಅದರ ಪಕ್ಕದಲ್ಲಿ ಕೀಬೋರ್ಡ್ ಗಟ್ಟಿಯಾಗಿ ನಿಲ್ಲಬೇಕು ಅಂದರೆ ಅದಕ್ಕೂ ಗಿಟಾರ್‌ಗೆ ಇರುವಂಥ ಆಂಪ್ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ನಮ್ಮ ತುಮಕೂರು ಬ್ಯಾಂಡ್‌ನ ಆಲ್ಬಮ್‌ನಲ್ಲಿ ನಾನು ಮಾಡಿದ್ದೂ ಅದನ್ನೇ.

ಡ್ರಮ್ಸ್ ಬೆಂಗಳೂರಿನ ಸ್ಟುಡಿಯೋದಲ್ಲಿ ಆಯಿತು. ಉಳಿದದ್ದೆಲ್ಲ ಕ್ಯಾತ್ಸಂದ್ರದಲ್ಲಿ, ಗಿಟಾರಿಸ್ಟ್ ಮನೆಯ ಮಹಡಿ ರೂಮಿನಲ್ಲಿ. ಹೈವೇ ಲಾರಿಗಳ ಹಾರ್ನ್, ರೈಲು ಎರಡೂ ಕೇಳಿಸುವ ಜಾಗ. ಹಾಗಾಗಿ ಕಿಟಕಿಗೆ ಹತ್ತಿ ಹಾಸಿಗೆ, ನೆಲಕ್ಕೆ ಜಮಖಾನ. ಮೈಕ್ ಕೆಲಸವೆಲ್ಲ ರಾತ್ರಿ ಊಟ ಆದಮೇಲೆ.

ನಮಗೆ ಬೇಕಿದ್ದದ್ದು ಹ್ಯಾಮಂಡ್ ಆರ್ಗನ್ ಸದ್ದು. ಅದರ ಅಸಲಿ ಬಿ-3 ಮಾಡೆಲ್, ಪೆಡಲ್, ಬೆಂಚು ಸೇರಿ 200 ಕೆಜಿ ಹತ್ತಿರ ತೂಗುತ್ತದೆ. ಆ ಮೆಟ್ಟಿಲು ಹತ್ತಿಸೋ ಮಾತೇ ಇಲ್ಲ. ಆರ್ಗನ್ ಸದ್ದೂ ಕೊಡುವ ನಾರ್ಡ್ ಎಲೆಕ್ಟ್ರೋ ಕೀಬೋರ್ಡ್ ಬಾಡಿಗೆಗೆ ತಂದೆವು. ಅದರ ಆರ್ಗನ್ ಚೆನ್ನಾಗಿದೆ, ಆದರೆ ನೇರ ಕಂಪ್ಯೂಟರ್‌ಗೆ ತೆಗೆದುಕೊಂಡರೆ ಗಿಟಾರ್ ಮುಂದೆ ತೆಳು ಅನ್ನಿಸುತ್ತದೆ. ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತಮ್ಮ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್‌ಗೆ ಹಾಕಿ ನುಡಿಸುತ್ತಿದ್ದರು. ಆ ಗುಡುಗು ಬಂದದ್ದೇ ಹಾಗೆ.

ನಾನು ಕೀಬೋರ್ಡನ್ನು ಮೊದಲು ಡಿಐ ಬಾಕ್ಸ್‌ಗೆ (ವಾದ್ಯದ ಸಿಗ್ನಲನ್ನು ಮೈಕ್ ಇಲ್ಲದೆ ನೇರ ರೆಕಾರ್ಡಿಂಗ್‌ಗೆ ಕಳಿಸುವ ಪೆಟ್ಟಿಗೆ) ಕೊಟ್ಟೆ. ಅಲ್ಲಿಂದ ಒಂದು ದಾರಿ ನೇರ ರೆಕಾರ್ಡಿಂಗ್‌ಗೆ, ಇನ್ನೊಂದು ವಾಲ್ವ್ (ಗಾಜಿನ ನಳಿಕೆ) ಇರುವ ಆಂಪ್‌ಗೆ. ಕೀಬೋರ್ಡ್ ವಾಲ್ಯೂಮ್ ಕಮ್ಮಿ ಇಡಬೇಕು, ಗಿಟಾರ್‌ಗಿಂತ ಅದರ ಸಿಗ್ನಲ್ ತುಂಬಾ ಜೋರು. ಬಿರುಸಿನ ಹಾಡುಗಳಿಗೆ ಕೀಬೋರ್ಡ್ ಒಳಗಿನ ಲೆಸ್ಲಿ ಎಫೆಕ್ಟ್ (ತಿರುಗುವ ಸ್ಪೀಕರಿನಂತೆ ಸದ್ದನ್ನು ಅಲೆಯಾಡಿಸುವುದು) ಆಫ್ ಮಾಡಿದೆ. ಆರ್ಗನ್ ಸದ್ದಿನ ಬಣ್ಣ ಬದಲಿಸುವ 9 ಡ್ರಾಬಾರ್‌ಗಳಲ್ಲಿ ಮೊದಲ 3 ಮಾತ್ರ ಪೂರ್ತಿ ಎಳೆದೆ. ಆಂಪ್‌ನ ಡಿಸ್ಟಾರ್ಷನ್ (ಒಡೆದಂಥ ಒರಟು ಸದ್ದು) ಸೇರಿದಾಗ ಪೂರ್ತಿ ಕಾರ್ಡ್, ಅಂದರೆ ಮೂರು-ನಾಲ್ಕು ಸ್ವರ ಒಟ್ಟಿಗೆ, ಹಿಡಿದರೆ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಅದಕ್ಕೆ ಷಡ್ಜ-ಪಂಚಮ ಎರಡೇ ಸಾಕು. ಎಡಗೈಯನ್ನಂತೂ ಬೇಸ್ ಗಿಟಾರ್ ನುಡಿಯುವ ಕೆಳಗಿನ ಸ್ವರಗಳಿಗೆ ಇಳಿಸಲೇ ಇಲ್ಲ.

ಆಂಪ್ ಮುಂದೆ ಇಟ್ಟ ಮೈಕ್ ಶೂರ್ ಎಸ್‌ಎಂ57. ಇಲ್ಲಿ ಎಷ್ಟು ಹೊತ್ತು ಕೊಟ್ಟರೂ ದಂಡ ಅಲ್ಲ. ಸ್ಪೀಕರ್ ಕೋನಿನ ನಡುಮಧ್ಯಕ್ಕೆ ಇಟ್ಟರೆ ಸದ್ದು ಕಿವಿಗೆ ಚುಚ್ಚುತ್ತದೆ. ಅಂಚಿಗೆ ಇಟ್ಟರೆ ಮಂಕು. ಹೆಡ್‌ಫೋನ್ ಹಾಕಿಕೊಂಡು ನಾನು ಒಂದೇ ಸ್ವರ ಒತ್ತಿ ಹಿಡಿದಿದ್ದೆ, ಡ್ರಮ್ಮರ್ ಹುಡುಗ ಮೈಕನ್ನು ಬೆರಳಗಲ ಬೆರಳಗಲ ಸರಿಸುತ್ತಿದ್ದ. ಕೋನಿನ ಮಧ್ಯದ ಟೋಪಿಯಂಥ ಮುಚ್ಚಳದ ಅಂಚಿಗೆ ಬಂದ ತಕ್ಷಣ ಅವನೇ ಕೂಗಿದ, "ಅಣ್ಣ, ಇದೇ! ಅಲ್ಲಾಡಬೇಡ!" ಚುಚ್ಚು ಹೋಗಿ ಒಳ್ಳೆ ಗಡಸುತನ ಮಾತ್ರ ಉಳಿದಿತ್ತು.

ರೂಮಿನ ಸದ್ದಿಗೆ ಅಂತ ಇನ್ನೊಂದು ಮೈಕ್ ಹಿಂದಕ್ಕೆ ಇಟ್ಟೆವು. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಅಷ್ಟೇ ಹೋಗುವುದು, ಹಾಗಾಗಿ ಡಿಐಗಿಂತ ಮೈಕ್ ಟ್ರ್ಯಾಕ್ ತಡವಾಗಿ ಬರುತ್ತದೆ. ಎರಡನ್ನೂ ಸುಮ್ನೆ ಕೂಡಿಸಿದರೆ ಒಂದನ್ನೊಂದು ಅಳಿಸಿ ಸದ್ದು ಸೊರಗುತ್ತದೆ. ಹತ್ತಿರದ ಮೈಕಿನ ಟ್ರ್ಯಾಕನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ, ಅಲೆಯ ಏರಿಗೆ ಏರು ಕೂರುವಂತೆ ಮುಂದಕ್ಕೆ ಎಳೆದೆ. ರೂಮಿನ ಮೈಕನ್ನು ಮುಟ್ಟಲಿಲ್ಲ. ಆ ತಡವೇ ಅದರ ಚಂದ.

ಹಮ್ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆಂಪ್, ಲ್ಯಾಪ್‌ಟಾಪ್, ಕೀಬೋರ್ಡ್ ಬೇರೆ ಬೇರೆ ಪ್ಲಗ್‌ನಲ್ಲಿದ್ದರೆ 50 ಹರ್ಟ್ಸ್ ಗುಂಯ್ ಶುರುವಾಗುವುದು ಜಾಸ್ತಿ. ಎಲ್ಲವನ್ನೂ ಒಂದೇ ಬೋರ್ಡ್‌ಗೆ ಹಾಕಿ, ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಬಹುತೇಕ ನಿಲ್ಲುತ್ತದೆ. ನಮಗೂ ನಿಂತಿತು. ಆಂಪ್‌ನ ಅರ್ಥ್ ಪಿನ್ ಮುರಿದು ಹಾಕುವವರಿದ್ದಾರೆ. ದಯವಿಟ್ಟು ಬೇಡ, ಜೀವಕ್ಕೇ ಅಪಾಯ.

ಸಿಂಥ್ ಪ್ಯಾಡ್‌ಗಳಿಗೆ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಮೆತ್ತನೆ ಸದ್ದುಗಳು) ಇಷ್ಟೆಲ್ಲ ಬೇಡ. ನೇರ ತೆಗೆದುಕೊಂಡು, 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಕತ್ತರಿಸಿ ಗಿಟಾರಿನ ಹಿಂದೆ ಹರಡಿದೆ. ಮಿಕ್ಸ್‌ಗೆ ಕಳಿಸುವಾಗ ಆರ್ಗನ್ನಿನ ಡಿಐ, ಆಂಪ್, ರೂಮ್ ಮೂರನ್ನೂ ಬೇರೆ ಬೇರೆ 24 ಬಿಟ್ ಫೈಲ್ ಮಾಡಿ ಕೊಟ್ಟೆ. ಮಿಕ್ಸ್ ಮಾಡಿದವರು ಹೆಚ್ಚಿನ ಹಾಡುಗಳಲ್ಲಿ ಆಂಪ್ ಟ್ರ್ಯಾಕನ್ನೇ ಮುಂದಿಟ್ಟರು.