ಶೇಂಗಾ ಕೂರಿಗೆ, ಒಂದು ಬ್ರಶ್ಶು, ನನ್ನ ಅನುಭವ

ಚಳ್ಳಕೆರೆಲಿ ನಮ್ದು ಸಣ್ಣ ವೆಲ್ಡಿಂಗ್ ಶಾಪ್, ಮುಂಗಾರಿಗೆ ಮುಂಚೆ ಟ್ರ್ಯಾಕ್ಟರ್ ಕೂರಿಗೆಗಳು ರಿಪೇರಿಗೆ ಬರ್ತಾನೇ ಇರ್ತವೆ. ಎಲ್ಲರದೂ ಒಂದೇ ಕಂಪ್ಲೇಂಟು, ಶೇಂಗಾ ಬೀಜ ಒಡೆದು ಬೇಳೆಯಾಗಿ ಬೀಳುತ್ತೆ, ಅದು ಹುಟ್ಟಲ್ಲ, ಸಾಲಲ್ಲಿ ಗ್ಯಾಪ್ ಬೀಳುತ್ತೆ. ಲೆಕ್ಕಾಚಾರದ ತಲೆ ಇರೋರಿಗೆ ಹೊಸ ಐಡಿಯಾ ಹೊಳೆಯಲ್ಲ ಅಂತ ತುಂಬ ಜನ ಹೇಳ್ತಾರೆ, ನನಗೆ ಆಗಿದ್ದು ಪೂರ್ತಿ ಉಲ್ಟಾ.

ಮೊದ್ಲು ಬೀಜ ಎಲ್ಲಿ ಒಡೀತಿದೆ ಅಂತ ಹುಡುಕ್ದೆ. ಗಾಲಿ ಮೇಲೆತ್ತಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದ್ರೆ ಡಬ್ಬದಲ್ಲಿ ಬೀಜ ಚೆನ್ನಾಗಿತ್ತು, ಗಾಲಿ ಜೊತೆ ತಿರುಗಿ ಒಂದೊಂದೇ ಬೀಜ ಬಿಡೋ ಪ್ಲೇಟಿನ ಗುಳಿಲಿ ಕೂತಾಗ್ಲೂ ಚೆನ್ನಾಗಿತ್ತು, ಹೆಚ್ಚಿಗೆ ಬೀಜ ತಳ್ಳೋಕೆ ಮೇಲೊಂದು ತಗಡಿನ ಪಟ್ಟಿ ಇರುತ್ತಲ್ಲ, ಅದರಡಿ ಸಿಕ್ಕ ತಕ್ಷಣ ಕಟಕ್ ಅಂತ ಎರಡು ಹೋಳು. ಅಷ್ಟು ಗೊತ್ತಾದ್ಮೇಲೆ ಡಬ್ಬ ಬದಲಾಯಿಸ್ಬೇಕಾ ಪ್ಲೇಟ್ ಬದಲಾಯಿಸ್ಬೇಕಾ ಅನ್ನೋ ಗೊಂದಲ ಹೋಯ್ತು, ತಲೆಲಿ ಉಳಿದಿದ್ದು ಒಂದೇ, ಬೀಜಕ್ಕೆ ಪೆಟ್ಟಾಗದಂಗೆ ಸವರೋದು ಹೆಂಗೆ?

ಇದೇ ಗುಂಗಲ್ಲಿ ಸಂತೆಗೆ ಹೋದಾಗ ಒಬ್ಬ ಅಜ್ಜಿ ಸೇರಲ್ಲಿ ಹುರುಳಿ ಅಳೀತಾ ಅಂಗೈಲಿ ಮೇಲೆ ಹಗುರಕ್ಕೆ ಸವರಿದ್ರು ನೋಡಿ, ಅಲ್ಲೇ ಹೊಳೀತು. ಹಂಗೆ ಸವರೋದನ್ನ ಚಿಕ್ಕಂದಿನಿಂದ ನೋಡಿದೀನಿ, ಆದ್ರೆ ಆಗ ನನ್ನ ಹತ್ರ ಪ್ರಶ್ನೆನೇ ಇರ್ಲಿಲ್ವಲ್ಲ. ತಗಡು ಕಿತ್ತು ನೈಲಾನ್ ಬ್ರಶ್ ಕೂರಿಸ್ದೆ.

ಹೊಳೆದ ಮೇಲೆ ಮತ್ತೆ ಲೆಕ್ಕ. ಗಾಲಿ ಅಡ್ಡಳತೆ 40 ಸೆಂ.ಮೀ., ಸುತ್ತಳತೆ ಹತ್ರಹತ್ರ 126, ಗಾಲಿ ಒಂದು ಸುತ್ತಿಗೆ ಪ್ಲೇಟೂ ಒಂದು ಸುತ್ತು, ಗುಳಿ 12, ಅಂದ್ರೆ ಹತ್ತೂವರೆ ಸೆಂ.ಮೀ.ಗೊಂದು ಬೀಜ, ಶೇಂಗಾಕ್ಕೆ ಅದು ಸರಿ. ಹತ್ತು ಸುತ್ತಿಗೆ 120 ಬೀಳ್ಬೇಕು. ಗೋಣಿಚೀಲ ಹಾಸಿ ಎಣಿಸಿದ್ರೆ ಜಾಸ್ತಿ ಬಂತು, ಬ್ರಶ್ ತೀರಾ ಮೆತ್ತಗಿದ್ದು ಜೋಡಿ ಬೀಜ ನುಸುಳ್ತಿತ್ತು. ಕೂದಲು ಗಿಡ್ಡ ಮಾಡಿ ಬಿಗಿ ಬರಿಸ್ದೆ, ಸರಿ ಹೋಯ್ತು. ಬೇರೆ ಏನೂ ಮುಟ್ಟಲಿಲ್ಲ, ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ. ನನಗೆ ಸಂತೆಲಿ ಹೊಳೆದಂಗೇನೇ, ಇಂಗ್ಲೆಂಡಲ್ಲಿ 1701ರ ಸುಮಾರಿಗೆ ಬಿತ್ತೋ ಯಂತ್ರ ಮಾಡಿದ ಜೆತ್ರೋ ಟಲ್‌ಗೂ ಬೀಜ ಬಿಡೋ ಉಪಾಯ ಸಿಕ್ಕಿದ್ದು ಆರ್ಗನ್ ವಾದ್ಯದ ಒಳಭಾಗದಿಂದ, ಹೊಲದಿಂದ ಅಲ್ಲ!

ಆದ್ರೂ ಶಾಪಲ್ಲಿ ನಿಂತಿರೋ ಕೂರಿಗೆನ ಇನ್ನೋವೇಶನ್ ಅನ್ನೋಕೆ ನನಗೆ ಮನಸ್ಸಿಲ್ಲ. ಮಳೆ ಬಿದ್ಮೇಲೆ ಬಿತ್ತೋ ಹದ ಇರೋದೇ ಎರಡ್ಮೂರು ದಿನ, ಬ್ರಶ್ ಸವೆದ್ರೆ ರೈತ ನನ್ನ ಕಾಯದೆ ಹೊಲದಲ್ಲೇ ಬೇರೆದು ಹಾಕ್ಕೋಬೇಕು, ಅದಕ್ಕೆ ಸ್ಪ್ಯಾನರ್ ಇಲ್ದೆ ಕೈಯಲ್ಲೇ ಬಿಚ್ಚೋ ನಟ್ ಹಾಕ್ದೆ. ಈಗ ಅಕ್ಕಪಕ್ಕದ ಹಳ್ಳಿಯೋರು ತಾವೇ ಬದಲಾಯಿಸ್ಕೊಂಡು ಬಿತ್ತುತಾ ಇದಾರೆ. ಮೊನ್ನೆ ಒಬ್ರು "ಅಣ್ಣ, ಅಕ್ಕಡಿ ತೊಗರಿಗೂ ಇದ್ರಲ್ಲೇ ಆಗುತ್ತಾ?" ಅಂದ್ರು, ಅಕ್ಕಡಿ ಅಂದ್ರೆ ಶೇಂಗಾ ಸಾಲುಗಳ ಮಧ್ಯೆ ಬಿತ್ತೋ ಬೆಳೆ. ತೊಗರಿ ಬೀಜ ಸಣ್ಣದು, ದೂರ ದೂರ ಬೀಳ್ಬೇಕು, ಹಂಗಾಗಿ ಗುಳಿನೂ ಚಿಕ್ಕದು, ಸಂಖ್ಯೆನೂ ಕಮ್ಮಿ. ಆ ಪ್ಲೇಟ್ ಕೊರೀತಾ ಇದೀನಿ.